ಮನೆಯಲ್ಲಿ ಒಬ್ಬರಿಗೆ ಕಾಲರಾ ಬಂದರೆ ಉಳಿದವರಿಗೆ ಹರಡದ ಹಾಗೆ ನೋಡಿಕೊಳ್ಳುವುದು ಹೇಗೆ

ಮೊದಲು ಭಯ ಬಿಡಿ. ಕಾಲರಾ ಗಾಳಿಯಲ್ಲಿ ಬರುವುದಿಲ್ಲ. ರೋಗಿಯ ಪಕ್ಕ ಕೂತು ಹಣೆ ಮುಟ್ಟಿದರೆ ಅಷ್ಟಕ್ಕೇ ಅಂಟುವುದೂ ಇಲ್ಲ. ಅದು ಬಾಯಿಂದಲೇ ಒಳಗೆ ಹೋಗಬೇಕು, ಅಂದರೆ ಒಬ್ಬರ ಭೇದಿ ಹೇಗೋ ಇನ್ನೊಬ್ಬರ ನೀರಿಗೋ ಊಟಕ್ಕೋ ಸೇರಬೇಕು. ಕೇಳೋಕೆ ಅಸಹ್ಯ, ಆದರೆ ನಾವು ಮುಚ್ಚಬೇಕಾದ ದಾರಿ ಇದೇ.

ನುಂಗಿದ ಬ್ಯಾಕ್ಟೀರಿಯಾಗಳಲ್ಲಿ ಬಹಳಷ್ಟು ಹೊಟ್ಟೆಯ ಆಸಿಡ್‌ನಲ್ಲೇ ಸಾಯುತ್ತವೆ. ಉಳಿದವು ಬಾಲ ಬಡಿಯುತ್ತಾ ಈಜಿ, ಸಣ್ಣ ಕರುಳಿನ ಲೋಳೆ ದಾಟಿ ಗೋಡೆಯ ಹತ್ತಿರ ಬರುತ್ತವೆ. ಅಲ್ಲಿ ಮೈಯಿಂದ ಸಣ್ಣ ಎಳೆಗಳನ್ನು ಚಾಚುತ್ತವೆ, ಪಿಲಸ್ ಅಂತಾರೆ. ಎಳೆಗೆ ಎಳೆ ಹೆಣೆದುಕೊಂಡು ಗುಂಪಾಗಿ ಅಲ್ಲೇ ಬೀಡುಬಿಡುತ್ತವೆ, ಇಲ್ಲದಿದ್ದರೆ ಕರುಳಿನ ಹರಿವಿಗೆ ಕೊಚ್ಚಿಹೋಗುತ್ತಿದ್ದವು. ಜೀವಕೋಶದ ಒಳಗೆ ನುಗ್ಗುವುದಿಲ್ಲ, ಹೊರಗೇ ಕೂತು ವಿಷ ಬಿಡುತ್ತವೆ. ಈ ವಿಷವನ್ನು 1959ರಲ್ಲಿ ತೋರಿಸಿಕೊಟ್ಟವರು ಕೋಲ್ಕತ್ತಾದ ವಿಜ್ಞಾನಿ ಶಂಭುನಾಥ್ ಡೇ. ವಿಷ ತಗುಲಿದ ಜೀವಕೋಶ ಉಪ್ಪನ್ನು ಹೊರಹಾಕುತ್ತಲೇ ಇರುತ್ತದೆ, ಅದರ ಹಿಂದೆಯೇ ನೀರು. ಅಕ್ಕಿ ತೊಳೆದ ನೀರಿನಂಥ ಭೇದಿ, ಜೋರಾದರೆ ಗಂಟೆಗೆ ಒಂದು ಲೀಟರ್‌ವರೆಗೂ ಹೋಗುತ್ತದೆ. ಅದರ ಹನಿಹನಿಯಲ್ಲೂ ಬ್ಯಾಕ್ಟೀರಿಯಾ ಲಕ್ಷಗಟ್ಟಲೆ.

ಹಾಗಾಗಿ ರೋಗಿಗೆ ಬೇರೆ ಬಕೆಟ್, ಬೇರೆ ಮಗ್ ಇಡಿ. ಕೊಳೆಯಾದ ಬಟ್ಟೆಯನ್ನು ಬಾವಿ, ಕೆರೆ, ಬೋರ್‌ವೆಲ್ ಹತ್ತಿರ ಒಗೆಯಲೇಬೇಡಿ. ಕುದಿಯುವ ನೀರಿಗೆ ಹಾಕಿ ಆಮೇಲೆ ಒಗೆಯಿರಿ. ನೆಲಕ್ಕೆ ಬಿದ್ದಿದ್ದರೆ ಬ್ಲೀಚಿಂಗ್ ಪೌಡರ್ ನೀರಿನಿಂದ ಒರೆಸಿ. ಪ್ರತಿ ಸಲವೂ ಸೋಪು ಹಾಕಿ ಕೈ ತೊಳೆಯಿರಿ, ಸುಮ್ನೆ ನೀರು ಸೋಕಿಸಿದರೆ ಸಾಲದು.

ಕುಡಿಯುವ ನೀರನ್ನು ಚೆನ್ನಾಗಿ ಕೊತಕೊತ ಕುದಿಸಿ, ಒಂದು ನಿಮಿಷ ಹಾಗೇ ಬಿಡಿ. ಇಷ್ಟು ಮಾಡಿದ ಮೇಲೂ ನಾವು ಎಡವುವುದು ಒಂದೇ ಕಡೆ: ಅದೇ ನೀರಿಗೆ ಚೊಂಬು ಅದ್ದುತ್ತೇವೆ, ಜೊತೆಗೆ ಬೆರಳೂ ಮುಳುಗುತ್ತದೆ, ಅಲ್ವಾ? ನಲ್ಲಿ ಇರುವ ಪಾತ್ರೆ ಇಡಿ, ಇಲ್ಲವೇ ಉದ್ದ ಹಿಡಿಯ ಸೌಟು. ಕುದಿಸೋಕೆ ಆಗದೇ ಇದ್ದಾಗ, ಕೆರೆ ಹೊಳೆಯ ನೀರನ್ನು ಹಲವು ಮಡಿಕೆ ಮಾಡಿದ ಹಳೆಯ ಹತ್ತಿ ಸೀರೆಯಲ್ಲಾದರೂ ಸೋಸಿ. ಕಾಲರಾ ಬ್ಯಾಕ್ಟೀರಿಯಾ ನೀರಿನ ಸಣ್ಣ ಜೀವಿಗಳ ಮೈಗೂ ಅಂಟಿಕೊಂಡಿರುತ್ತದೆ, ಸೀರೆ ಆ ಜೀವಿಗಳನ್ನು ತಡೆಯುತ್ತದೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಇದರಿಂದಲೇ ಕಾಲರಾ ಸುಮಾರು ಅರ್ಧದಷ್ಟು ಕಡಿಮೆಯಾಯಿತು.

ಭೇದಿ ನಿಂತ ಮೇಲೂ ಕೆಲವು ದಿನ ಬ್ಯಾಕ್ಟೀರಿಯಾ ಹೊರಬರುತ್ತಲೇ ಇರುತ್ತದೆ. ಅಮ್ಮನಿಗೇ ಬಂದಿದ್ದರೆ ದಯವಿಟ್ಟು ಅವರನ್ನು ಮರುದಿನವೇ ಒಲೆ ಮುಂದೆ ನಿಲ್ಲಿಸಬೇಡಿ, ಒಂದು ವಾರ ಬೇರೆಯವರು ಅಡುಗೆ ಮಾಡಲಿ.

ರೋಗಿಗೆ ಮೊದಲ ಭೇದಿಯಿಂದಲೇ ಓಆರ್‌ಎಸ್ ಕೊಡಿ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕಣ್ಣು ಗುಳಿಬಿದ್ದರೆ, ಮೂತ್ರ ನಿಂತರೆ, ಕುಡಿದದ್ದೆಲ್ಲ ವಾಂತಿಯಾದರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ಕಾಲರಾ ಕೆಲವೇ ಗಂಟೆಗಳಲ್ಲಿ ಜೀವ ತೆಗೆಯಬಲ್ಲದು. ದಾರಿಯುದ್ದಕ್ಕೂ ಗುಟುಕು ಗುಟುಕಾಗಿ ಕುಡಿಸುತ್ತಿರಿ. ಬೀದಿಯ ಆಶಾ ಕಾರ್ಯಕರ್ತೆಗೂ ಫೋನ್ ಮಾಡಿ, ಕುಡಿಯುವ ನೀರಿನ ಪೈಪ್ ಒಡೆದು ಚರಂಡಿ ನೀರು ಸೇರುತ್ತಿರಬಹುದು.