ಜಗಲಿಯ ರಾಜಿ: ಕೂರಿಸುವುದು ಹೇಗೆ?

ಮಲೆನಾಡಿನ ದಾಯಾದಿ ಜಗಳಗಳಿಗೆ ಕಾರಣಗಳು ಬಹಳವಿಲ್ಲ. ತೋಟದ ದಾರಿ, ಬೇಸಿಗೆಯ ನೀರು, ಒತ್ತಿ ಬಂದ ಬೇಲಿ, ಹಿಸ್ಸೆಯಲ್ಲಿ ಸಿಕ್ಕದ ನಾಲ್ಕು ಮರ. ಎರಡೂ ಮನೆಯವರು ನಂಬುವ ಮೂರನೆಯವರೆಂದು ಒಂದು ದಿನ ನಿಮಗೇ ಕರೆ ಬರಬಹುದು. ಹೊಡೆದಾಟ, ಬೆದರಿಕೆ ನಡೆದಿದ್ದರೆ ಒಪ್ಪಿಕೊಳ್ಳಬೇಡಿ. ಹೆದರಿ ಕುಳಿತವರ ಒಪ್ಪಿಗೆ ಒಪ್ಪಿಗೆಯಲ್ಲ, ಅದು ಪೊಲೀಸರ ಕೆಲಸ. ಉಳಿದದ್ದಕ್ಕೆ ಹೋಗಿ.

ಮೊದಲು ಜಾಗ, ಹೊತ್ತು. ಇಬ್ಬರಲ್ಲಿ ಯಾರ ಮನೆಯೂ ಬೇಡ. ಅಡಿಕೆ ಕೊಯ್ಲಿನ ದಿನಗಳಂತೂ ಬೇಡವೇ ಬೇಡ. ಮರ ಹತ್ತಿ ಗೊನೆ ಇಳಿಸುವ ಕೊನೆಗಾರ ಕೈಕೊಟ್ಟ ಸಿಟ್ಟೂ ತಮ್ಮನ ಮೇಲೆಯೇ ಬೀಳುತ್ತದೆ. ಜನ ಸೇರಿಸಬೇಡಿ. ಜಗಲಿಯಲ್ಲಿ ಹತ್ತು ಮಂದಿ ಕವಳ ಹಾಕುತ್ತಾ ನೋಡುತ್ತಿದ್ದರೆ, ಒಂದಡಿ ಬಿಟ್ಟುಕೊಡುವವನಿಗೂ ಮಾನದ ಪ್ರಶ್ನೆ ಎದುರಾಗುತ್ತದೆ.

ಎದುರುಬದುರು ಕೂರಿಸುವ ಮುನ್ನ ಒಬ್ಬೊಬ್ಬರನ್ನೇ ಕೇಳಿ. ಇದಕ್ಕೆ ಹೆಚ್ಚು ಹೊತ್ತು ಬೇಕು. ಹೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ. ಅವರು "ಹೌದು, ಅದೇ" ಎನ್ನುವವರೆಗೂ ಮುಂದಕ್ಕೆ ಹೋಗಬೇಡಿ. ನಾನು ಒಮ್ಮೆ ಎಡವಿದ್ದು ಇಲ್ಲಿಯೇ. ಸಾಗರದ ಕಡೆಯ ಒಂದು ತೋಟ, ಊರಿನ ಹೆಸರು ಬೇಡ. ಅಣ್ಣನ ತೋಟ ಕೆಳಗೆ, ತಮ್ಮನದು ಮೇಲೆ. ಹಿಂದಿನಿಂದ ಇದ್ದ ಕಾಲುದಾರಿಗೆ ತಮ್ಮ ಬೇಲಿ ಹಾಕಿದ್ದ. ಹತ್ತು ನಿಮಿಷ ಕೇಳಿದ ನಾನು, "ಆರಡಿ ಬಿಟ್ಟರೆ ನಿನಗೇನು ನಷ್ಟ?" ಎಂದೆ. ಅವನು ಎದ್ದು ಹೋದ. ಮತ್ತೆ ಬಂದು ಕೂರಲು ಎರಡು ತಿಂಗಳು ಹಿಡಿಯಿತು.

ನಷ್ಟ ಎಂಬ ಮಾತನ್ನೇ ನಾನು ಎತ್ತಬಾರದಿತ್ತು. ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್‌ಸ್ಕಿ ಎಂಬ ಮನಶ್ಶಾಸ್ತ್ರಜ್ಞರು 1979ರಲ್ಲೇ ಹೇಳಿದ್ದರು: ಬರುವುದರ ಖುಷಿಗಿಂತ ಅಷ್ಟೇ ಮೊತ್ತ ಹೋಗುವುದರ ಸಂಕಟ ಮನಸ್ಸಿಗೆ ಹೆಚ್ಚು ಭಾರ. ಬಿಟ್ಟುಕೊಡು ಎಂದರೆ ತಮ್ಮನಿಗೆ ಕೇಳಿಸುವುದು ಕಳೆದುಕೋ ಎಂದು.

ಎರಡನೆಯ ಸಲ ಬೇರೆ ಪ್ರಶ್ನೆ ಹಾಕಿದೆ: "ದಾರಿ ಬಿಟ್ಟರೆ ಏನಾಗಬಹುದೆಂದು ನಿನಗೆ ಅನ್ನಿಸುತ್ತದೆ?" ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಇವತ್ತು ತಲೆಹೊರೆಗೆ ದಾರಿ, ನಾಳೆ ಪಿಕಪ್‌ಗೆ, ನಾಡಿದ್ದು ಲಾರಿಗೆ. ಬೇಲಿಯ ಬಾಗಿಲು, ದಣಪೆ ಹಾಕದೆ ಹೋಗುತ್ತಾರೆ, ದನ ನುಗ್ಗುತ್ತದೆ." ಅಣ್ಣನನ್ನು ಕೇಳಿದರೆ ಅವನಿಗೆ ಲಾರಿಯ ಯೋಚನೆಯೇ ಇರಲಿಲ್ಲ. ಅಡಿಕೆ ಕೊನೆಗಳನ್ನು ಸುತ್ತುದಾರಿಯಲ್ಲಿ ಹೊರಿಸಿದರೆ ಕೂಲಿ ಹೆಚ್ಚು, ಆಳುಗಳು ಬರುವುದಿಲ್ಲ, ಅಷ್ಟೇ. ಒಬ್ಬನಿಗೆ ದಾರಿ ಬೇಕು, ಇನ್ನೊಬ್ಬನಿಗೆ ಆ ದಾರಿಗೆ ಒಂದು ಮಿತಿ ಬೇಕು. ಎರಡನ್ನೂ ಒಟ್ಟಿಗೆ ಕೊಡಬಹುದು. "ದಾರಿ ಬೇಕು", "ಕೊಡುವುದಿಲ್ಲ" ಎಂಬ ಹಟದ ಹಿಂದೆ ಏನಿದೆ ಎಂದು ಕೆದಕುವುದೇ ಮಧ್ಯಸ್ಥನ ಅರ್ಧ ಕೆಲಸ.

ಅಳತೆ, ದುಡ್ಡಿನ ಮಾತನ್ನು ಆದಷ್ಟು ತಡವಾಗಿ ತನ್ನಿ. ಮೊದಲು ಕಿವಿಗೆ ಬಿದ್ದ ಅಂಕಿ ಮನಸ್ಸನ್ನು ಗೂಟಕ್ಕೆ ಕಟ್ಟಿದಂತೆ ಹಿಡಿದಿಡುತ್ತದೆ. ಇದೇ ಇಬ್ಬರು 1974ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ತಮಾಷೆಯಾಗಿದೆ. ಚಕ್ರ ತಿರುಗಿಸಿ ಬಂದ ಸಂಖ್ಯೆಯನ್ನು ತೋರಿಸಿ, ವಿಶ್ವಸಂಸ್ಥೆಯಲ್ಲಿ ಆಫ್ರಿಕದ ದೇಶಗಳು ಶೇಕಡಾ ಎಷ್ಟು ಎಂದು ಕೇಳಿದರು. 10 ಕಂಡವರ ಊಹೆ 25ರ ಸುಮಾರಿನಲ್ಲಿ, 65 ಕಂಡವರದು 45ರ ಸುಮಾರಿನಲ್ಲಿ ನಿಂತಿತು. ಚಕ್ರಕ್ಕೂ ಆಫ್ರಿಕಕ್ಕೂ ಏನು ಸಂಬಂಧ! ಗಡಿಯ ತಕರಾರಾದರೆ ಬಾಯಿಮಾತಿನ ಅಳತೆಗೆ ಮೊದಲೇ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಗಡಿ ಅಳತೆಗೆ, ಅರ್ಜಿ ಹಾಕಿಸಿ. ಸರ್ವೆಯರ್ ನೆಟ್ಟ ಕಲ್ಲು ಯಾರ ಪಕ್ಷವೂ ಅಲ್ಲ.

ಸಲಹೆ ಯಾರ ಬಾಯಿಂದ ಬರುತ್ತದೆ ಎಂಬುದೂ ದೊಡ್ಡ ವಿಷಯ. ಶೀತಲ ಸಮರದ ಕಾಲದಲ್ಲಿ ಮನಶ್ಶಾಸ್ತ್ರಜ್ಞ ಲೀ ರಾಸ್ ಮತ್ತು ಸಂಗಡಿಗರು ಒಂದೇ ನಿಶ್ಶಸ್ತ್ರೀಕರಣ ಪ್ರಸ್ತಾವವನ್ನು ಅಮೆರಿಕದ ಜನರ ಮುಂದಿಟ್ಟರು. ಕೆಲವರಿಗೆ ಅದು ತಮ್ಮ ಅಧ್ಯಕ್ಷ ರೇಗನ್ ಅವರದೆಂದೂ ಕೆಲವರಿಗೆ ಸೋವಿಯತ್ ನಾಯಕ ಗೋರ್ಬಚೇವ್ ಅವರದೆಂದೂ ಹೇಳಿದರು. ಮೊದಲನೆಯವರಲ್ಲಿ ಶೇ 90ರಷ್ಟು ಮಂದಿಗೆ ಹಿಡಿಸಿದ್ದು, ಎರಡನೆಯವರಲ್ಲಿ ಶೇ 44 ಮಂದಿಗೆ ಮಾತ್ರ ಹಿಡಿಸಿತು. ನಮ್ಮಲ್ಲೂ ಅಷ್ಟೇ: ಅಣ್ಣ ಹೇಳಿದ್ದೆಂದರೆ ಅದರಲ್ಲಿ ಏನೋ ಮಸಲತ್ತು ಇರಲೇಬೇಕು. ಆದ್ದರಿಂದ ಸಲಹೆ ಕೊಟ್ಟವರ ಒಪ್ಪಿಗೆ ಪಡೆದು, ಸಲಹೆಯನ್ನು ನಿಮ್ಮದೇ ಪ್ರಶ್ನೆಯಾಗಿ ಇಡಿ: "ಕಾಲುದಾರಿಗೆ ಆರಡಿ, ವಾಹನ ಕೊಯ್ಲಿನ ದಿನಗಳಲ್ಲಿ ಮಾತ್ರ, ಅದೂ ಕೇಳಿಕೊಂಡು. ಹೀಗಾದರೆ ಹೇಗೆ?"

ಒಪ್ಪಿದ ದಿನವೇ ಬರೆಯಿಸಿ. ದಾರಿಯ ಹಕ್ಕಿನ ಪತ್ರವಾದರೆ ನೋಂದಣಿಯ ವಿಷಯವಾಗಿ ವಕೀಲರನ್ನು ಕೇಳಿ. ಇನ್ನೂ ಗಟ್ಟಿ ಬೇಕೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಯ ಮೂಲಕ ಲೋಕ ಅದಾಲತ್‌ಗೆ ಹೋಗಬಹುದು. ದಾವೆ ಹೂಡದ ತಕರಾರನ್ನೂ ಅಲ್ಲಿ ತೆಗೆದುಕೊಳ್ಳುತ್ತಾರೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಅಲ್ಲಿನ ತೀರ್ಮಾನ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಅಪೀಲಿಲ್ಲ. ಕೋರ್ಟಿನಲ್ಲಿದ್ದ ದಾವೆ ಅಲ್ಲಿ ರಾಜಿಯಾದರೆ ಕಟ್ಟಿದ ಶುಲ್ಕವೂ ವಾಪಸು.

ಬರೆಯುವಾಗ ಚಿಕ್ಕ ಸಂಗತಿಗಳನ್ನು ಬಿಡಬೇಡಿ. ನಮ್ಮ ಪತ್ರದಲ್ಲಿ ಆರಡಿಯ ಮಾತು ಐದೇ ನಿಮಿಷದಲ್ಲಿ ಮುಗಿಯಿತು. ದಣಪೆಯ ಅಡ್ಡಕೋಲುಗಳನ್ನು ಎಳೆದು ಹಾಕುವವರು ಯಾರು ಎಂಬುದಕ್ಕೆ ಒಂದು ಗಂಟೆ ಹಿಡಿಯಿತು. ಕಡೆಗೆ "ಕೊನೆಯಲ್ಲಿ ದಾಟಿದವರು" ಎಂದು ಬರೆದೆವು. "ಆಳುಗಳು ದಾಟಿದರೂ ಹೊಣೆ ಯಜಮಾನನದು" ಎಂಬ ಸಾಲನ್ನು ಅಣ್ಣನೇ ಸೇರಿಸಿದ.