ಬನಹಟ್ಟಿಯ ಮಗ್ಗದಿಂದ ಸಿಯೋಲ್‌ವರೆಗೆ: ಒಂಬತ್ತನೇ ಕ್ಲಾಸಿಗೆ ಕೊರಿಯಾ ಪಾಠ ಮಾಡುವ ಬಗೆ

ಕೊರಿಯಾ ಪಾಠ ಇರುವ ವಾರ ನನ್ನ ಚೀಲದಲ್ಲಿ ಮೂರು ಸಾಮಾನು ಇರುತ್ತವೆ. ಒಂದು ಅಟ್ಲಾಸ್, ನೂಲು ಸುತ್ತಿದ ಒಂದು ಕಂಡಿಕೆ, ಮತ್ತೆ ಕಾಗದದ ಪೊಟ್ಟಣದಲ್ಲಿ ಬಾಚಿದಾಗ ಉದುರಿದ ಕೂದಲು. ಪ್ರೊಜೆಕ್ಟರ್ ಇದ್ದರೆ ಒಳ್ಳೆಯದು. ಕರೆಂಟ್ ಹೋದರೂ ಈ ಮೂರರಿಂದ ಪಾಠ ನಡೆಯುತ್ತದೆ.

ನಾನು ಬನಹಟ್ಟಿಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪವರ್‌ಲೂಮ್ ಸದ್ದು ಕೇಳುತ್ತಲೇ ಬೆಳೆದ ಮಕ್ಕಳು ನನ್ನ ಕ್ಲಾಸಿನಲ್ಲಿ ಜಾಸ್ತಿ. ಮೊದಲ ಸಲ ಈ ಪಾಠ ಮಾಡಿದಾಗ ತಲಾ ಆದಾಯ, ರಫ್ತು ಅಂತ ಬೋರ್ಡ್ ತುಂಬ ಅಂಕಿ ಬರೆದಿದ್ದೆ. ಮಕ್ಕಳು ಬರೆದುಕೊಂಡರು, ಪರೀಕ್ಷೆ ಮುಗಿಸಿದರು, ಮರೆತರು. ಮರುವರ್ಷ ಪಾಠವನ್ನು ನಮ್ಮೂರಿಂದ ಶುರುಮಾಡಿ ಕೊರಿಯಾಕ್ಕೆ ಒಯ್ದೆ. ಆಗಿನಿಂದ ಅದೇ ದಾರಿ. ನಿಮ್ಮ ಊರಿನಲ್ಲಿ ಮಗ್ಗ ಇಲ್ಲದಿದ್ದರೆ ಸಕ್ಕರೆ ಕಾರ್ಖಾನೆ ಇರಬಹುದು, ದ್ರಾಕ್ಷಿ ತೋಟ ಇರಬಹುದು. ಅದನ್ನೇ ಹಿಡಿಯಿರಿ.

ನಕಾಶೆಗೆ ಒಂದು ಪೂರ್ತಿ ಪಿರಿಯಡ್ ಕೊಡಿ. ಮೊದಲು ಕರ್ನಾಟಕ ಬರೆಸಿ. ಪಶ್ಚಿಮಕ್ಕೆ ಸಹ್ಯಾದ್ರಿ, ಅಲ್ಲಿಂದ ಪೂರ್ವಕ್ಕೆ ಹರಿಯುವ ಘಟಪ್ರಭಾ, ಮಲಪ್ರಭಾ, ಕೃಷ್ಣಾ. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವುದು ನಮ್ಮ ಮಕ್ಕಳಿಗೆ ಗೊತ್ತೇ ಇರುತ್ತದೆ. ಪಕ್ಕದಲ್ಲಿ ಕೊರಿಯಾ ಬರೆಸಿ. ಇಲ್ಲಿ ಬೆಟ್ಟದ ಸಾಲು ಪೂರ್ವದಲ್ಲಿದೆ, ಹೆಸರು ತೇಬೆಕ್. ಹಾನ್ ನದಿ ಅಲ್ಲಿಂದ ಪಶ್ಚಿಮಕ್ಕೆ ಹರಿಯುತ್ತದೆ. ನಾಕ್‌ಡಾಂಗ್ ದಕ್ಷಿಣಕ್ಕೆ ಇಳಿದು ಬುಸಾನ್ ಬಳಿ ಸಮುದ್ರ ಸೇರುತ್ತದೆ. ನಮ್ಮ ನಕಾಶೆಯನ್ನು ಕನ್ನಡಿಯಲ್ಲಿ ನೋಡಿದ ಹಾಗೆ!

ಈಗ ಉತ್ತರ ಹೇಳಬೇಡಿ, ಪ್ರಶ್ನೆ ಕೇಳಿ. ಬಯಲು ಭೂಮಿ ಯಾವ ಕಡೆ? ಭತ್ತ ಎಲ್ಲಿ? ದೊಡ್ಡ ಪಟ್ಟಣ ಎಲ್ಲಿ ಬೆಳೆದೀತು? ಮಕ್ಕಳು ಬೆರಳಿಟ್ಟು ಪಶ್ಚಿಮ, ದಕ್ಷಿಣ ಅನ್ನುತ್ತಾರೆ. ಸಿಯೋಲ್ ಇರುವುದು ಹಾನ್ ನದಿಯ ಮೇಲೆಯೇ. ಆಮೇಲೆ ಅಳತೆ ಹೇಳಿ. ದಕ್ಷಿಣ ಕೊರಿಯಾ ಸುಮಾರು 1 ಲಕ್ಷ ಚದರ ಕಿಲೋಮೀಟರ್, ಕರ್ನಾಟಕ 1,91,791. ನಮ್ಮ ರಾಜ್ಯದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಜಾಗ, ಅದರಲ್ಲೂ ಹೆಚ್ಚಿನ ಪಾಲು ಗುಡ್ಡ. ಅಲ್ಲಿ 5 ಕೋಟಿಗೂ ಹೆಚ್ಚು ಜನ ಇದ್ದಾರೆ. ಬೆಳೆಯುವ ಭೂಮಿ ಕಡಿಮೆ, ಕೈಗಳು ಜಾಸ್ತಿ. ಆರ್ಥಿಕತೆಯ ಪಾಠಕ್ಕೆ ಬಾಗಿಲು ಇಲ್ಲೇ ತೆರೆಯುತ್ತದೆ.

ಇತಿಹಾಸಕ್ಕೆ ಎರಡು ಕೊಂಡಿ ಸಾಕು. ಒಂದು, ಆಗಸ್ಟ್ 15. ನಮಗೆ 1947, ಕೊರಿಯಾಕ್ಕೆ 1945. 1910ರಿಂದ 35 ವರ್ಷ ಜಪಾನಿನ ಆಳ್ವಿಕೆ ಇತ್ತು. ಬಿಡುಗಡೆ ಸಿಕ್ಕ ಕೂಡಲೇ ದೇಶ ಎರಡು ಪಾಲಾಯಿತು, 1950ರಲ್ಲಿ ಯುದ್ಧ ಬಂತು. ಎರಡನೆಯದು ನಮ್ಮ ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ. 1953ರಲ್ಲಿ ಕದನ ನಿಂತಾಗ ಸಾವಿರಾರು ಯುದ್ಧಕೈದಿಗಳು ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪಲಿಲ್ಲ. ಆ ಕೈದಿಗಳ ವಿಚಾರ ನೋಡಿಕೊಂಡ ತಟಸ್ಥ ದೇಶಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಈ ಹೆಸರು ಹೇಳಿದಾಗ ಕ್ಲಾಸಿನಲ್ಲಿ ಬೆನ್ನುಗಳು ನೆಟ್ಟಗಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಸಂಸ್ಕೃತಿ ಅಂದರೆ ಮಕ್ಕಳಿಗೆ ಮೊದಲು ಫೋನಿನಲ್ಲಿ ನೋಡಿದ ಹಾಡು, ಸೀರಿಯಲ್ ನೆನಪಾಗುತ್ತದೆ. ತಡೆಯಬೇಡಿ, ಹತ್ತು ನಿಮಿಷ ಮಾತಾಡಲು ಬಿಡಿ. ಆಮೇಲೆ ಲಿಪಿಗೆ ಬನ್ನಿ. ಕನ್ನಡ ಬಲ್ಲ ಮಕ್ಕಳಿಗೆ ಕೊರಿಯಾದ ಹಂಗುಲ್ ಅಕ್ಷರ ಬೇಗ ಹತ್ತುತ್ತದೆ. ಅದನ್ನು 1443ರಲ್ಲಿ ರೂಪಿಸಿ 1446ರಲ್ಲಿ ಜನರ ಮುಂದೆ ಇಟ್ಟವನು ರಾಜ ಸೆಜೊಂಗ್. ಆಗಿನ ಚೀನೀ ಲಿಪಿ ಸಾಮಾನ್ಯರ ಕೈಗೆ ಎಟುಕುತ್ತಿರಲಿಲ್ಲ. ಅವನ ವ್ಯಂಜನಗಳ ಆಕಾರ ಬಾಯಿಯನ್ನು ನೋಡಿ ಮಾಡಿದ್ದು. 'ನ'ಕ್ಕೆ ನಾಲಿಗೆಯ ತುದಿ ಮೇಲೆ ತಾಗುವ ಆಕಾರ, 'ಮ'ಕ್ಕೆ ಮುಚ್ಚಿದ ಬಾಯಿಯ ಚೌಕ. ನಾವು ಕ ವರ್ಗ, ತ ವರ್ಗ ಅಂತ ಬಾಯಿಯ ಜಾಗ ನೋಡಿ ವಿಂಗಡಿಸಿದ್ದೇವೆ ಅಲ್ವಾ? ಮಕ್ಕಳಿಗೆ ಕ, ಚ, ಟ, ತ, ಪ ಅನ್ನಿಸಿ, ನಾಲಿಗೆ ಎಲ್ಲಿ ಹೋಗುತ್ತದೆ ಅಂತ ಗಮನಿಸಲು ಹೇಳಿ.

ಇನ್ನೊಂದು ಸಂಗತಿಯನ್ನು ಒಬ್ಬ ಹುಡುಗನೇ ಹಿಡಿದ. ಹಂಗುಲ್‌ನಲ್ಲಿ 'ಗ' ಅಕ್ಷರಕ್ಕೆ ಒಂದು ಗೆರೆ ಸೇರಿಸಿದರೆ ಉಸಿರು ಒತ್ತಿ ಹೇಳುವ 'ಖ' ಆಗುತ್ತದೆ ಅಂದೆ. "ರೀ ಟೀಚರ್, ನಾವು ದ ಸೀಳಿ ಧ ಮಾಡಿಲ್ಲೇನ್ರಿ?" ಅಂದ. ಸೊಗಸಾದ ಮಾತು. ಅವತ್ತಿನಿಂದ ಅಲ್ಪಪ್ರಾಣ, ಮಹಾಪ್ರಾಣವನ್ನು ಬೋರ್ಡಿನ ಮೇಲೆ ಎರಡು ಲಿಪಿಯಲ್ಲೂ ಬರೆದು ತೋರಿಸುತ್ತೇನೆ. ಒಂದೊಂದು ಉಚ್ಚಾರವನ್ನು ಒಂದೊಂದು ಚೌಕದಲ್ಲಿ ಕೂಡಿಸಿ, ಕೊನೆಯ ವ್ಯಂಜನವನ್ನು ಕೆಳಗೆ ಇಡುವುದನ್ನೂ ಒತ್ತಕ್ಷರ ಕಲಿತ ಮಕ್ಕಳು ಸುಲಭವಾಗಿ ಹಿಡಿಯುತ್ತಾರೆ. ಅವರವರ ಹೆಸರು ಬರೆಸಿ. ಪುಸ್ತಕದ ರಕ್ಷಾಕವಚದ ಮೇಲೆ ಅದು ವರ್ಷಪೂರ್ತಿ ಇರುತ್ತದೆ.

ಹಬ್ಬಕ್ಕೆ ಡಾನೋ ತೆಗೆದುಕೊಳ್ಳಿ. ಅಲ್ಲಿ ಹೆಣ್ಣುಮಕ್ಕಳು ಜೋಕಾಲಿ ಆಡುತ್ತಾರೆ, ಗಂಡಸರು ಮರಳಿನ ಅಖಾಡದಲ್ಲಿ ಸಿರುಮ್ ಅನ್ನುವ ಕುಸ್ತಿ ಹಿಡಿಯುತ್ತಾರೆ. ಗೆದ್ದವನಿಗೆ ಹೋರಿ ಕೊಡುವುದು ಹಳೆಯ ಪದ್ಧತಿ. ನಮ್ಮ ಪಂಚಮಿ ಜೋಕಾಲಿ ನೋಡಿದವರಿಗೆ, ಜಾತ್ರೆಯ ಕುಸ್ತಿ ಕಂಡವರಿಗೆ ಬೇರೆ ವಿವರಣೆ ಬೇಡ. 2018ರಲ್ಲಿ ಈ ಕುಸ್ತಿಯನ್ನು ಎರಡೂ ಕೊರಿಯಾಗಳ ಹೆಸರಿನಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಲಾಯಿತು. ಒಡೆದ ದೇಶ ಒಂದಾಗಿ ಕಾಣುವ ಜಾಗ ಇದು ಅಂತ ಮಕ್ಕಳಿಗೆ ಹೇಳಿ.

ಇನ್ನು ಪೊಟ್ಟಣ ಬಿಚ್ಚಿ. ಓಣಿಯಲ್ಲಿ ಕೂದಲು ತಗೊಂಡು ಪಾತ್ರೆ ಕೊಡುವವರನ್ನು ಎಲ್ಲ ಮಕ್ಕಳೂ ಕಂಡಿದ್ದಾರೆ. ಆ ಕೂದಲು ಎಲ್ಲಿಗೆ ಹೋಗುತ್ತದೆ ಅಂತ ಕೇಳಿ. ಕೊಪ್ಪಳದ ಭಾಗ್ಯನಗರದಲ್ಲಿ ಇದರದೇ ಉದ್ಯಮ ಇದೆ. 1960ರ ಸುಮಾರಿಗೆ ದಕ್ಷಿಣ ಕೊರಿಯಾದಲ್ಲಿ ಒಬ್ಬರ ವರ್ಷದ ಆದಾಯ 100 ಡಾಲರ್ ಕೂಡ ಇರಲಿಲ್ಲ. ಅಂಥ ದೇಶ ಕೂದಲಿನಿಂದ ವಿಗ್ ಮಾಡಿ ಅಮೆರಿಕಕ್ಕೆ ಕಳಿಸಿತು. 1970ರ ಹೊತ್ತಿಗೆ ವಿಗ್ ಅದರ ದೊಡ್ಡ ರಫ್ತುಗಳಲ್ಲಿ ಒಂದು. ಈಗ ಕಂಡಿಕೆ ಮೇಲೆತ್ತಿ: ಜೊತೆಗೆ ಬಟ್ಟೆ. ನಂತರ ಬೋರ್ಡಿನ ಮೇಲೆ ಬಾಣ ಎಳೆಯುತ್ತ ಹೋಗಿ. 1973ರಲ್ಲಿ ಪೋಹಾಂಗ್ ಉಕ್ಕು, ಉಲ್ಸಾನ್‌ನಲ್ಲಿ ಹಡಗು, 1975ರಲ್ಲಿ ಹ್ಯುಂಡೈ ಪೋನಿ ಕಾರು, 1980ರ ದಶಕದಲ್ಲಿ ಸ್ಯಾಮ್‌ಸಂಗ್ ಚಿಪ್.

"ಕಷ್ಟಪಟ್ಟರು, ಮುಂದೆ ಬಂದರು" ಅಂತ ಇಲ್ಲಿ ನಿಲ್ಲಿಸಬೇಡಿ. ಕಷ್ಟಪಡುವುದು ನಮ್ಮ ಮಕ್ಕಳ ಮನೆಯವರಿಗೂ ಗೊತ್ತು. ಕಾರಣ ಹೇಳಿ. ಯುದ್ಧದ ಹೊತ್ತಿನಲ್ಲೇ ಭೂಸುಧಾರಣೆ ಆಯಿತು, ಒಂದು ಕುಟುಂಬಕ್ಕೆ ಸುಮಾರು 3 ಹೆಕ್ಟೇರ್ ಮಿತಿ. 'ಉಳುವವನೇ ಹೊಲದೊಡೆಯ' ಅಂತ ಕೇಳಿರುವ ಮಕ್ಕಳಿಗೆ ಇದು ತಿಳಿಯುತ್ತದೆ. ಪ್ರಾಥಮಿಕ ಶಾಲೆ ಹೆಚ್ಚುಕಮ್ಮಿ ಎಲ್ಲರಿಗೂ ಸಿಕ್ಕಿತು. ಹೊರದೇಶದ ನೆರವು ಬಂತು. ರಫ್ತು ಮಾಡಿ ತೋರಿಸಿದ ಕಂಪನಿಗೆ ಸರ್ಕಾರ ಕಡಿಮೆ ಬಡ್ಡಿಗೆ ಸಾಲ ಕೊಟ್ಟಿತು. 1961ರಿಂದ ಆಳಿದವನು ಸೇನಾಧಿಕಾರಿ ಪಾರ್ಕ್ ಚುಂಗ್-ಹೀ. ಆಗ ವಿರೋಧ ಮಾತಾಡಿದವರು ಜೈಲು ಕಂಡರು. ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುವ ಹಕ್ಕನ್ನು 1987ರಲ್ಲಿ ಬೀದಿಗಿಳಿದು ವಾಪಸ್ ಪಡೆದರು. ಇದನ್ನು ಬಿಟ್ಟರೆ ಪಾಠ ಸುಳ್ಳಾಗುತ್ತದೆ.

ಕೊನೆಯ ಪಿರಿಯಡ್‌ನಲ್ಲಿ ನಾನು ಸಿಯೋಲ್‌ನ ಪ್ಯೋಂಗ್ವಾ ಮಾರ್ಕೆಟ್‌ನ ದರ್ಜಿ ಚೊನ್ ತೇ-ಇಲ್ ಕಥೆ ಹೇಳುತ್ತೇನೆ. ಅಲ್ಲಿ ಚಿಕ್ಕ ವಯಸ್ಸಿನ ಹುಡುಗಿಯರು ತಗ್ಗು ಸೂರಿನ ಕೋಣೆಗಳಲ್ಲಿ ಹಗಲು ರಾತ್ರಿ ಬಟ್ಟೆ ಹೊಲಿಯುತ್ತಿದ್ದರು. ಅವನು ಬಸ್ಸಿನ ದುಡ್ಡಿನಲ್ಲಿ ಅವರಿಗೆ ಬ್ರೆಡ್ ಕೊಡಿಸಿ ಮನೆಗೆ ನಡೆದು ಹೋಗುತ್ತಿದ್ದ. ಕಾರ್ಮಿಕ ಕಾನೂನು ಪುಸ್ತಕದಲ್ಲಿದೆ, ಪಾಲಿಸುವವರಿಲ್ಲ ಅಂತ ಹೋರಾಡಿ, 1970ರ ನವೆಂಬರ್ 13ರಂದು 22ನೇ ವಯಸ್ಸಿನಲ್ಲಿ ಪ್ರಾಣ ಕೊಟ್ಟ. ಹೇಗೆ ಅನ್ನುವುದನ್ನು ಈ ವಯಸ್ಸಿನವರಿಗೆ ಬಿಡಿಸಿ ಹೇಳಬೇಡಿ, ಯಾಕೆ ಅನ್ನುವುದನ್ನು ಹೇಳಿ.

ಮನೆಗೆಲಸ ಇಷ್ಟು: ಮನೆಯಲ್ಲಿ ದುಡಿಯುವ ಒಬ್ಬರನ್ನು ಕೂರಿಸಿಕೊಂಡು ಕೇಳಿ. ಎಷ್ಟನೇ ವಯಸ್ಸಿಗೆ ಕೆಲಸಕ್ಕೆ ಹೋದಿರಿ? ಪಾಳಿ ಎಷ್ಟು ತಾಸು? ಕೂಲಿ ಯಾರು ಗೊತ್ತು ಮಾಡುತ್ತಾರೆ? ಒಬ್ಬಳು ಹುಡುಗಿ ತನ್ನ ಅಜ್ಜಿ ಒಂಬತ್ತನೇ ವಯಸ್ಸಿಗೆ ಕಂಡಿಕೆ ಸುತ್ತಲು ಕೂತದ್ದನ್ನು ಎರಡು ಪುಟ ಬರೆದು ತಂದಳು. ಓದಿ ಮುಗಿಸಿ ನನ್ನನ್ನೇ ಕೇಳಿದಳು, "ಆ ದರ್ಜಿಯವರ ಅವ್ವ ಆಮ್ಯಾಲ ಏನ್ ಮಾಡಿದ್ರಿ ಟೀಚರ್?" ಅವರ ಹೆಸರು ಲೀ ಸೊ-ಸನ್. 2011ರಲ್ಲಿ ತೀರಿಕೊಳ್ಳುವವರೆಗೂ, ನಲವತ್ತು ವರ್ಷ, ಅವರು ಕಾರ್ಮಿಕರ ಜೊತೆ ನಿಂತಿದ್ದರು. ಈಗ ಪಾಠದ ಕೊನೆಯ ಹತ್ತು ನಿಮಿಷ ಆ ತಾಯಿಗೆ ಇಟ್ಟಿದ್ದೇನೆ.