ಸರ್ಕಾರಿ ತೈಲ ಕಂಪನಿಯ ಮಾರಾಟದ ಸುದ್ದಿಯನ್ನು ಓದುವ ಬಗೆ

ಮುಂಬಯಿಯ ಚೆಂಬೂರಿನ ನಮ್ಮ ತಾರಸಿಯಲ್ಲಿ ರಾತ್ರಿ ನಿಂತರೆ ಮಾಹುಲ್‌ನ ತೈಲ ಶುದ್ಧೀಕರಣಾಗಾರಗಳ ಚಿಮಣಿಯ ತುದಿಯ ಜ್ವಾಲೆ ಕಾಣುತ್ತದೆ. ಅಲ್ಲಿರುವ ಭಾರತ್ ಪೆಟ್ರೋಲಿಯಂ ಖಾಸಗಿಯವರ ಪಾಲಾಗುತ್ತದೆಯೇ ಎಂದು ಇಲ್ಲಿನ ನಮ್ಮ ಹೋಟೆಲಿನವರು ಆತಂಕದಿಂದ ಕೇಳಿದ್ದುಂಟು. ಇಂಥ ಸುದ್ದಿ ಬಂದಾಗ ಪರ-ವಿರೋಧದ ಮಾತಿಗೆ ಮೊದಲು, ಆ ಕಂಪನಿ ಸರ್ಕಾರದ ಕೈಗೆ ಬಂದದ್ದು ಹೇಗೆಂದು ನೋಡಬೇಕು.

ವಿದೇಶಿ ಒಡೆತನದ ಬರ್ಮಾ ಶೆಲ್ 1976ರಲ್ಲಿ ಸಂಸತ್ತಿನ ಕಾಯ್ದೆಯಿಂದ ರಾಷ್ಟ್ರೀಕರಣಗೊಂಡು ಭಾರತ್ ಪೆಟ್ರೋಲಿಯಂ ಆಯಿತು. ಆದ್ದರಿಂದಲೇ ವಾಜಪೇಯಿ ಸರ್ಕಾರ ಅದನ್ನೂ ಹಿಂದೂಸ್ತಾನ್ ಪೆಟ್ರೋಲಿಯಂ ಅನ್ನೂ ಮಾರಲು ಹೊರಟಾಗ, ಸಂಸತ್ತಿನ ಒಪ್ಪಿಗೆಯಿಲ್ಲದೆ ಮಾರುವಂತಿಲ್ಲವೆಂದು 2003ರಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಆ ಕಾಯ್ದೆ 2016ರಲ್ಲಿ ಬಳಕೆ ತಪ್ಪಿದ ಹಳೆಯ ಕಾನೂನುಗಳ ಉದ್ದನೆಯ ಪಟ್ಟಿಯೊಂದರಲ್ಲಿ ಸೇರಿ, ಸದ್ದಿಲ್ಲದೆ ರದ್ದಾಯಿತು. ಮಾರಾಟಕ್ಕೆ ಸಂಪುಟ ಒಪ್ಪಿದ್ದು 2019ರ ನವೆಂಬರಿನಲ್ಲಾದರೂ ದಾರಿ ತೆರೆದದ್ದು ಮೂರು ವರ್ಷ ಮೊದಲೇ. ಇಂಥ ಪಟ್ಟಿಗಳನ್ನು ದಯವಿಟ್ಟು ಬಿಡದೆ ಓದಿ.

ಕೊಳ್ಳುವವರು ಯಾರೆಂಬುದನ್ನೂ ಗಮನಿಸಿ. 2018ರಲ್ಲಿ ಹಿಂದೂಸ್ತಾನ್ ಪೆಟ್ರೋಲಿಯಂನ ಸರ್ಕಾರಿ ಪಾಲನ್ನು 36,915 ಕೋಟಿ ರೂಪಾಯಿಗೆ ಕೊಂಡದ್ದು ಸರ್ಕಾರದ್ದೇ ಆದ, ತೈಲ-ಅನಿಲ ತೆಗೆಯುವ ಕಂಪನಿ ಒಎನ್‌ಜಿಸಿ; ಅದನ್ನು ಖಾಸಗೀಕರಣವೆನ್ನಲಾಗದು.

ಹೆಚ್ಚು ಹೊತ್ತು ನಿಲ್ಲಬೇಕಾದದ್ದು ದರದ ಬಳಿ. ಇಂಧನ ದರವನ್ನು ಕಂಪನಿಗಳೇ ನಿಗದಿ ಮಾಡುತ್ತವೆಂಬುದು ಕಾಗದದ ಮೇಲಿನ ಮಾತು. 2021ರ ನವೆಂಬರ್ 4ರಿಂದ 2022ರ ಮಾರ್ಚ್ 21ರವರೆಗೆ ಮುಂಬಯಿಯ ಬಂಕುಗಳ ಫಲಕದಲ್ಲಿ ಪೆಟ್ರೋಲ್ 109 ರೂಪಾಯಿ 98 ಪೈಸೆಯಲ್ಲೇ ನಿಂತಿತ್ತು. ನಡುವೆ ಗೋವಾ, ಉತ್ತರ ಪ್ರದೇಶ ಸೇರಿ ಐದು ರಾಜ್ಯಗಳ ಚುನಾವಣೆ ನಡೆಯಿತು, ರಷ್ಯಾ ಉಕ್ರೇನಿನ ಮೇಲೆ ಯುದ್ಧ ಹೂಡಿತು, ಕಚ್ಚಾ ತೈಲ ಬ್ಯಾರೆಲ್‌ಗೆ ನೂರು ಡಾಲರ್ ದಾಟಿತು, ಫಲಕ ಕದಲಲಿಲ್ಲ. ಫಲಿತಾಂಶ ಬಂದ ಮೇಲೆಯೇ ದರ ಏರಿತು.

ಹೊರದೇಶದ ಹೂಡಿಕೆದಾರ ಇದನ್ನು ನಮಗಿಂತ ಸೂಕ್ಷ್ಮವಾಗಿ ಓದುತ್ತಾನೆ. ಸಾವಿರಾರು ಕೋಟಿ ತೆತ್ತು ಕೊಂಡ ಮೇಲೂ ದರದ ಕೀಲಿ ದೆಹಲಿಯಲ್ಲೇ ಉಳಿಯುವುದಾದರೆ ಅವನು ಹಿಂದೆಗೆಯುವುದು ಸಹಜವೆಂದು ನನ್ನ ಎಣಿಕೆ. ಭಾರತ್ ಪೆಟ್ರೋಲಿಯಂನಲ್ಲಿ ಸರ್ಕಾರದ ಶೇ. 52.98ರಷ್ಟು ಪಾಲಿಗೆ ಆಸಕ್ತಿ ತೋರಿದ್ದವರಲ್ಲಿ ಕೊನೆಗೆ ಒಬ್ಬರೇ ಉಳಿದು, 2022ರ ಮೇ ತಿಂಗಳಿನಲ್ಲಿ ಮಾರಾಟವೇ ನಿಂತಿತು. ಸರ್ಕಾರ ಜಾಗತಿಕ ಇಂಧನ ಮಾರುಕಟ್ಟೆಯ ಸ್ಥಿತಿಯನ್ನು ಕಾರಣವಾಗಿ ಕೊಟ್ಟಿತು.

ಆದ್ದರಿಂದ ಮುಂದೆ ಇಂಥ ಸುದ್ದಿ ಕಿವಿಗೆ ಬಿದ್ದ ದಿನವೇ ಒಂದು ನೋಟ್‌ಬುಕ್ ತೆರೆದು, ಬಂಕಿನ ದರ, ಕಚ್ಚಾ ತೈಲದ ದರ, ಹತ್ತಿರದ ಚುನಾವಣೆಯ ದಿನಾಂಕ ಈ ಮೂರನ್ನೂ ವಾರಕ್ಕೊಮ್ಮೆ ಒಂದೇ ಸಾಲಿನಲ್ಲಿ ಬರೆದಿಡಿ.